ಗುಣವಾದ ಮಕ್ಕಳ ಮೇಲೆ ಗಮನವಿರಲಿ



ಕ್ಯಾನ್ಸರ್ ತಗಲಿದ ಅನೇಕ ಮಕ್ಕಳು ಇಂದು ಸಕಾಲದ ಚಿಕಿತ್ಸೆಯಿಂದ ಗುಣ ಹೊಂದುತ್ತಾರೆ. ಆದರೆ ಮಗು ಮನೆಗೆ ಬಂದಿತೆಂದು ನೀವು ಸುಮ್ಮನಿರತಕ್ಕದ್ದಲ್ಲ.

ಕಾರಣವೇನು? ಕಳೆ ಕೀಳುವಾಗ ಪಕ್ಕದ ಪೈರಿನ ಬೇರೂ ಅಲುಗುವುದಷ್ಟೆ. ಹಾಗೆಯೇ ತೀಕ್ಷ್ಣ ಔಷಧಿಗಳೂ ವಿಕಿರಣವೂ ಒಳ್ಳೆಯ ಜೀವಕೋಶಗಳಿಗೂ ಪೆಟ್ಟು ಕೊಡುತ್ತವೆ. ಜೀವಕೋಶದೊಳಗಿನ ವರ್ಣತಂತುಗಳ ತುದಿಯಲ್ಲಿ, ಹಗ್ಗ ಬಿಚ್ಚದಂತೆ ಹಾಕಿದ ಗಂಟಿನ ಹಾಗೆ, ಟೆಲೊಮಿಯರ್ ಎಂಬ ರಕ್ಷಣೆಯಿದೆ. ವಯಸ್ಸಾದಂತೆ ಅದು ಸವೆಯುತ್ತದೆ. ಚಿಕಿತ್ಸೆಯ ಪೆಟ್ಟಿನಿಂದ ಬೇಗನೆ ಸವೆಯಬಹುದು. ಆಗ ಜೀವಕೋಶಗಳಿಗೆ ಅಕಾಲದಲ್ಲಿ ಮುಪ್ಪು ಬರುತ್ತದೆ.

ಅಮೆರಿಕದ ಮೆಂಫಿಸ್ ನಗರದ ಸೇಂಟ್ ಜೂಡ್ ಆಸ್ಪತ್ರೆಯವರು, ಹೀಗೆ ಬದುಕುಳಿದು ದೊಡ್ಡವರಾದವರನ್ನು ಪರೀಕ್ಷಿಸಿ 2013ರಲ್ಲಿ ವರದಿ ಪ್ರಕಟಿಸಿದರು. ಅವರ ಸರಾಸರಿ ವಯಸ್ಸು ಸುಮಾರು 33. ಆದರೆ ಅವರಲ್ಲಿ ನಿಶ್ಶಕ್ತರ ಪ್ರಮಾಣ 65 ದಾಟಿದವರಲ್ಲಿರುವಷ್ಟಿತ್ತು.

ಆದುದರಿಂದ ನೀವು ಮಾಡಬೇಕಾದುದು:

1. ಚಿಕಿತ್ಸೆಯ ಕಾಗದಪತ್ರಗಳನ್ನು ಹೊಲದ ಪತ್ರದಂತೆ ಜೋಪಾನವಾಗಿಡಿ.
2. ಮಗು ಬೆಳೆದ ಮೇಲೂ, ವೈದ್ಯರು ಹೇಳಿದ ಗಡುವಿಗೆ ಹೃದಯ ಮುಂತಾದವುಗಳ ತಪಾಸಣೆ ಮಾಡಿಸಿ.
3. ಬೀಡಿ, ತಂಬಾಕು ಮುಟ್ಟಗೊಡಬೇಡಿ. ವೈದ್ಯರನ್ನು ಕೇಳಿ ಮಿತವಾದ ವ್ಯಾಯಾಮ ರೂಢಿಸಿ.
4. ಬೇಗ ದಣಿದರೆ ಸೋಮಾರಿಯೆಂದು ಜರೆಯಬೇಡಿ.

ಇದಕ್ಕೆ ಹೆದರಿ ಚಿಕಿತ್ಸೆಯನ್ನೇ ಬಿಡಿಸುವುದು ಮಾತ್ರ ಸಲ್ಲದು. ಕಳೆಯನ್ನು ಕೀಳದಿದ್ದರೆ ಪೈರೇ ಉಳಿಯದು.