ಲೈಟು ಮಂಕು, ತಪ್ಪು ವೈರಿನದು

ರಾಯಚೂರಿನಿಂದ ಮಂತ್ರಾಲಯಕ್ಕೆ ಹೋಗುವ ರಸ್ತೆ ಯರಗೇರಾ, ಗಿಲ್ಲೆಸುಗೂರು ದಾಟಿ ತುಂಗಭದ್ರೆಯ ಕಡೆ ಸಾಗುತ್ತದೆ. ರಾಯರ ಆರಾಧನೆ ಹತ್ತಿರ ಬಂತೆಂದರೆ ಇದರ ಅಂಚಿನಲ್ಲಿ ರಾತ್ರಿಯೂ ನಸುಕಿನಲ್ಲೂ ಪಾದಯಾತ್ರಿಗಳು. ನಡುವೆ ಭತ್ತದ ಲಾರಿ, ಹತ್ತಿ ಲಾರಿ, ಹಿಂದೆ ಕೆಂಪು ದೀಪವೇ ಇಲ್ಲದ ಟ್ರ್ಯಾಕ್ಟರ್ ಟ್ರಾಲಿ. ಗಂಟೆಗೆ 60 ಕಿಲೋಮೀಟರ್ ವೇಗದ ಲಾರಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಎದುರಿಗೆ ಏನೋ ಇದೆ ಎಂದು ಹೊಳೆದು ಚಾಲಕನ ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ 25 ಮೀಟರ್ ಮುಗಿದಿರುತ್ತದೆ. ಲೋಡ್ ಇದ್ದ ಗಾಡಿ ನಿಲ್ಲಲು ಇನ್ನೂ 35 ಮೀಟರ್ ಆದರೂ ಬೇಕು. 60 ಮೀಟರ್ ಆಚೆಯದು ಕಾಣದಿದ್ದರೆ ಬ್ರೇಕ್ ಎಷ್ಟು ಗಟ್ಟಿಯಿದ್ದರೂ ಅಷ್ಟೇ.

ವರ್ಷಗಟ್ಟಲೆ ದುಡಿದ ಲಾರಿಯ ಹೆಡ್‌ಲೈಟ್ ಹಳದಿಗೆ ತಿರುಗಿದಾಗ ಎಲ್ಲರೂ ಮೊದಲು ಕೈಹಾಕುವುದು ಬಲ್ಬಿಗೆ. 60/55 ವ್ಯಾಟಿನದನ್ನು ತೆಗೆಸಿ 100/90 ಹಾಕಿಸುತ್ತಾರೆ. ಈಚೆಗೆ ಬೆಳ್ಳಗೆ ಉರಿಯುವ ಎಲ್‌ಇಡಿ. ನನ್ನ ಪ್ರಕಾರ ಅದು ಕೊನೆಗೆ ಮಾಡಬೇಕಾದ ಕೆಲಸ. ಮಂಕು ಇರುವುದು ಬಹಳ ಸಲ ಬಲ್ಬಿನಲ್ಲಲ್ಲ, ಕರೆಂಟು ಬಲ್ಬಿಗೆ ಬರುವ ದಾರಿಯಲ್ಲಿ.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿರುವ ಮಾನ್ವಿ, ರಾಯಚೂರು ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಡ್ಯಾಮಿನಲ್ಲಿ ನೀರು ತುಂಬಿದ್ದರೂ ಕೊನೆಯ ಹೊಲಕ್ಕೆ ಎಷ್ಟು ಬಂತು ಎನ್ನುವುದೇ ಲೆಕ್ಕ. ವ್ಯತ್ಯಾಸ ಒಂದೇ: ವೈರಿನಲ್ಲಿ ಕರೆಂಟು ಸೋರಿಹೋಗುವುದಿಲ್ಲ, ಅದನ್ನು ತಳ್ಳುವ ಒತ್ತಡ, ಅಂದರೆ ವೋಲ್ಟೇಜು, ಇಳಿಯುತ್ತಾ ಹೋಗುತ್ತದೆ.

12 ವೋಲ್ಟಿನ ಗಾಡಿ ಎಂದಿಟ್ಟುಕೊಳ್ಳಿ. ಬ್ರೈಟ್‌ನಲ್ಲಿ ಎರಡು ಬಲ್ಬು ಸೇರಿ 120 ವ್ಯಾಟ್, ಸುಮಾರು 10 ಆಂಪಿಯರ್. ಹಳೆಯ ವೈರಿಂಗ್‌ನಲ್ಲಿ ಇಷ್ಟೂ ಕರೆಂಟು ಬ್ಯಾಟರಿಯಿಂದ ಕ್ಯಾಬಿನ್ನಿನ ಸ್ವಿಚ್ಚಿಗೆ ಬಂದು, ಡಿಪ್ಪರ್ ಹಾದು, ಮತ್ತೆ ಮುಂದಕ್ಕೆ ಹೋಗಬೇಕು. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ವೈರು ಮೀಟರಿಗೆ 0.017 ಓಮ್ ತಡೆ ಒಡ್ಡುತ್ತದೆ. ಆರು ಮೀಟರಿಗೆ 0.1 ಓಮ್, 10 ಆಂಪಿಯರ್ ಹರಿದರೆ ಒಂದು ವೋಲ್ಟು ಅಲ್ಲೇ ಖರ್ಚು. ಸವೆದ ಸ್ವಿಚ್ಚು, ತಿರುಚಿ ಟೇಪು ಸುತ್ತಿದ ಜೋಡಣೆಗಳು ಸೇರಿ ಇನ್ನರ್ಧ ವೋಲ್ಟು ತಿನ್ನುತ್ತವೆ. ಬ್ಯಾಟರಿಯ ಬಳಿ 13.2 ಇದ್ದದ್ದು ಬಲ್ಬಿಗೆ ಮುಟ್ಟುವಾಗ 11.7.

ಹನ್ನೊಂದು ಪರ್ಸೆಂಟ್ ತಾನೆ ಎನ್ನುವಂತಿಲ್ಲ. ಹ್ಯಾಲೊಜೆನ್ ಬಲ್ಬಿನಲ್ಲಿ ಬೆಳಗುವುದು ಕಾದು ಕೆಂಡವಾದ ಟಂಗ್‌ಸ್ಟನ್ ಎಳೆ. ಕಾವು ಸ್ವಲ್ಪ ಇಳಿದರೂ ಕಣ್ಣಿಗೆ ಕಾಣುವ ಬೆಳಕು ಬಹಳ ಇಳಿಯುತ್ತದೆ, ಬಣ್ಣವೂ ಹಳದಿಗೆ ಜಾರುತ್ತದೆ. ಇಂಥ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ತಕ್ಕಂತೆ ಏರಿಳಿಯುತ್ತದೆ. ಹಾಗಾಗಿ ವೋಲ್ಟೇಜು 11 ಪರ್ಸೆಂಟ್ ಬಿದ್ದರೆ ಬೆಳಕಿನ ಮೂರನೇ ಒಂದು ಪಾಲು ಮಾಯ.

ಇದೇ ವೈರಿಗೆ 100 ವ್ಯಾಟಿನ ಬಲ್ಬು ಹಾಕಿದರೆ ಏನಾಗುತ್ತದೆ? ಕರೆಂಟು 16 ಆಂಪಿಯರ್ ಆಸುಪಾಸಿಗೆ ಏರುತ್ತದೆ, ದಾರಿಯ ನಷ್ಟವೂ ಅಷ್ಟೇ ಏರುತ್ತದೆ. ವೈರು ಕಾಯುವುದು ಕರೆಂಟಿನ ವರ್ಗಕ್ಕೆ ತಕ್ಕಂತೆ, ಆದ್ದರಿಂದ ಬಿಸಿ ಸುಮಾರು ಎರಡೂವರೆ ಪಟ್ಟು. ರಾಯಚೂರಿನ ಬೇಸಿಗೆಗಳಲ್ಲಿ ಬೆಂದು ಬಿರುಸಾದ ಪ್ಲಾಸ್ಟಿಕ್ ಕವಚ, ಸುಟ್ಟ ಫ್ಯೂಸಿನ ಜಾಗದಲ್ಲಿ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ, ಹಿಂದೆ ಹತ್ತಿಯ ಲೋಡು. ಫ್ಯೂಸು ಇರುವುದು ಬಲ್ಬನ್ನು ಕಾಯಲು ಅಲ್ಲ, ವೈರಿಗೆ ಬೆಂಕಿ ಹತ್ತದಂತೆ ಕಾಯಲು. ದೊಡ್ಡ ಲಾರಿಗಳಲ್ಲಿ ಎರಡು ಬ್ಯಾಟರಿ ಒಂದರ ಹಿಂದೊಂದು ಜೋಡಿಸಿ 24 ವೋಲ್ಟ್ ಮಾಡುವುದರ ಒಂದು ಲಾಭವೂ ಇಲ್ಲೇ ಇದೆ: ಅಷ್ಟೇ ವ್ಯಾಟಿಗೆ ಅರ್ಧ ಕರೆಂಟು, ವೈರಿನಲ್ಲಿ ಕಾಲುಭಾಗ ಬಿಸಿ.

ದೋಷ ಹಿಡಿಯಲು ಬೇಕಾದದ್ದು ಒಂದು ಸಾದಾ ಮಲ್ಟಿಮೀಟರ್. ಟೆಸ್ಟ್ ಲ್ಯಾಂಪು ಇಲ್ಲಿ ಮೋಸ ಮಾಡುತ್ತದೆ, ಕರೆಂಟು ಇದೆ ಎನ್ನುತ್ತದೆ, ಎಷ್ಟು ಎನ್ನುವುದಿಲ್ಲ. ಇಂಜಿನ್ ಚಾಲೂ ಇಟ್ಟು ಲೈಟು ಹಾಕಿ. ಕರೆಂಟು ಹರಿಯದೆ ನಷ್ಟ ಕಾಣಿಸದು. ಮೀಟರಿನ ಒಂದು ಮೊನೆ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಬಲ್ಬಿನ ಹಿಂದೆ ಉರಿಯುತ್ತಿರುವ ಎಳೆಯ ಪಿನ್ನಿಗೆ. ಮೀಟರು ತೋರಿಸುವುದೇ ದಾರಿಯಲ್ಲಿ ಹೋದ ವೋಲ್ಟು. ಅರ್ಧಕ್ಕಿಂತ ಹೆಚ್ಚಿದ್ದರೆ ವೈರಿಂಗ್ ಸರಿಯಿಲ್ಲ. ಆಮೇಲೆ ಬಲ್ಬಿನ ಅರ್ತ್ ಪಿನ್ನಿಗೂ ಬ್ಯಾಟರಿಯ ಮೈನಸ್‌ಗೂ ಹಿಡಿಯಿರಿ. ಹಳೆಯ ಗಾಡಿಗಳಲ್ಲಿ ಕಳ್ಳ ಸಿಗುವುದು ಹೆಚ್ಚಾಗಿ ಇಲ್ಲೇ: ಬಣ್ಣದ ಮೇಲೆಯೇ ಬಿಗಿದ ಬೋಲ್ಟು, ಒಳಗೆ ತುಕ್ಕು, ತುದಿಯಲ್ಲಿ ಹಸಿರು ಕಟ್ಟಿದ ತಾಮ್ರ. ಉಜ್ಜಿ ಲೋಹ ಹೊಳೆಯಿಸಿ ಬಿಗಿದರೆ, ಅಥವಾ ಅರ್ತಿಗೆ ಬೇರೆ ವೈರನ್ನೇ ಬ್ಯಾಟರಿವರೆಗೆ ಎಳೆದರೆ, ಬಿಡಿಗಾಸಿನಲ್ಲಿ ಬೆಳಕು ಮರಳುತ್ತದೆ.

ಪ್ಲಸ್ ಕಡೆಗೆ ಮದ್ದು ರಿಲೇ. ಒಳಗೊಂದು ಸಣ್ಣ ವಿದ್ಯುತ್ಕಾಂತ. ಅದನ್ನು ಎಚ್ಚರಿಸಲು ಆಂಪಿಯರಿನ ಒಂದೆರಡು ಹತ್ತಾಂಶ ಸಾಕು. ಅಷ್ಟನ್ನು ಮಾತ್ರ ಹಳೆಯ ಸ್ವಿಚ್ಚು, ಹಳೆಯ ವೈರು ಹೊರುತ್ತವೆ. ಭಾರದ ಕರೆಂಟು ಬ್ಯಾಟರಿಯಿಂದ ಫ್ಯೂಸು, ರಿಲೇ ದಾಟಿ ನೇರ ಬಲ್ಬಿಗೆ. ರಿಲೇಯ ಬುಡದಲ್ಲಿ ಅಂಕಿಗಳು ಕೊರೆದಿರುತ್ತವೆ: 30ಕ್ಕೆ ಬ್ಯಾಟರಿ, 87ಕ್ಕೆ ಬಲ್ಬು, 86ಕ್ಕೆ ಸ್ವಿಚ್ಚು, 85ಕ್ಕೆ ಅರ್ತ್. ಡಿಮ್‌ಗೆ ಒಂದು, ಬ್ರೈಟ್‌ಗೆ ಒಂದು. ವೈರು 2.5 ಚದರ ಮಿಲಿಮೀಟರಿನದಾದರೆ ಎರಡು ಮೀಟರಿಗೆ ಹೋಗುವುದು 0.14 ವೋಲ್ಟು. ಫ್ಯೂಸನ್ನು ಬ್ಯಾಟರಿಯ ಪಕ್ಕದಲ್ಲೇ ಹಾಕಿಸಿ. ಬಲ್ಬಿನ ಹತ್ತಿರ ಹಾಕಿದರೆ ನಡುವಿನ ವೈರಿಗೆ ಕಾವಲಿಲ್ಲ.

ಇನ್ನು ಎಲ್‌ಇಡಿ. ಹ್ಯಾಲೊಜೆನ್ ಬಲ್ಬಿನಲ್ಲಿ ಡಿಮ್ ಎಳೆಯ ಕೆಳಗೆ ಚಮಚದಂಥ ಪುಟ್ಟ ತಗಡು ಇದೆ, ಬೆಳಕು ಮೇಲಕ್ಕೆ ಚಿಮ್ಮದಂತೆ ತಡೆಯುವುದು ಅದೇ. ಹಿಂದಿನ ಕನ್ನಡಿಯ ಬಾಗು, ಮುಂದಿನ ಗಾಜಿನ ಗೀರು ಎಲ್ಲವೂ ಆ ಎಳೆ ಇರುವ ಜಾಗಕ್ಕೆ ಲೆಕ್ಕಹಾಕಿ ಮಾಡಿದವು. ಅಲ್ಲಿ ಬೇರೆ ಆಕಾರದ ಎಲ್‌ಇಡಿ ತುರುಕಿದರೆ ಬೆಳಕು ದಿಕ್ಕು ತಪ್ಪುತ್ತದೆ. ಬಾನೆಟ್ ಮುಂದೆ ಹಗಲಾಗಿ, ಬೇಕಾದ ದೂರದಲ್ಲಿ ಕತ್ತಲೆ, ಎದುರಿನ ಬೈಕಿನವನಿಗೆ ಕುರುಡು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮ ಕೇಳುವುದೂ ಇದನ್ನೇ: 8 ಮೀಟರ್ ದೂರದಲ್ಲಿ, ನೆಲದಿಂದ 1.5 ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ಬೆಳಕು ಕುಕ್ಕಬಾರದು. ಇಲ್ಲವೇ ಅದನ್ನು ಕೆಳಕ್ಕೆ ಇಳಿಸುವ ಸೌಕರ್ಯ ಚಾಲಕನ ಕೈಯಲ್ಲಿರಬೇಕು. ದುಡ್ಡು ಹಾಕುವುದೇ ಆದರೆ ಎಲ್‌ಇಡಿಗೆಂದೇ ತಯಾರಾದ ಪೂರ್ತಿ ದೀಪ ತನ್ನಿ, ಬಲ್ಬು ಮಾತ್ರವಲ್ಲ.

ಎಲ್ಲ ಮುಗಿದ ಮೇಲೆ ದೀಪದ ಮುಖ ಹೊಂದಿಸಬೇಕು. ಇದನ್ನು ಖಾಲಿ ಗಾಡಿಯಲ್ಲಿ ಮಾಡಿ ಬಿಡುವವರೇ ಹೆಚ್ಚು. ಚೀಲ ಏರಿದಾಗ ಲಾರಿಯ ಹಿಂಭಾಗ ಕುಸಿದು ಮೂತಿ ಮೇಲೇಳುತ್ತದೆ, ಜತೆಗೆ ಬೆಳಕೂ. ಲೋಡು ತುಂಬಿಸಿಕೊಂಡು ಸಮತಟ್ಟಾದ ಜಾಗದಲ್ಲಿ, ರೈಸ್ ಮಿಲ್ಲಿನ ಗೋಡೆಗೆ 10 ಮೀಟರ್ ಹಿಂದೆ ನಿಲ್ಲಿಸಿ. ದೀಪದ ನಡುಮಟ್ಟಕ್ಕೆ ಗೋಡೆಯ ಮೇಲೊಂದು ಚಾಕ್‌ಪೀಸ್ ಗೆರೆ ಎಳೆಯಿರಿ. ಡಿಮ್ ಬೆಳಕಿನ ಮೇಲಂಚು ಆ ಗೆರೆಗಿಂತ 10ರಿಂದ 15 ಸೆಂಟಿಮೀಟರ್ ಕೆಳಗೆ ಬೀಳುವಂತೆ ಸ್ಕ್ರೂ ತಿರುಗಿಸಿ. ಆ ಅಂಚು ಎಡಗಡೆ ತುಸು ಮೇಲೇರಿದ್ದರೆ ದೀಪ ನಮ್ಮ ರಸ್ತೆಯದು. ಬಲಕ್ಕೆ ಏರಿದ್ದರೆ ಅದು ಬಲಬದಿಯಲ್ಲಿ ಗಾಡಿ ಓಡಿಸುವ ದೇಶಕ್ಕೆ ಮಾಡಿದ್ದು. ಎಷ್ಟೇ ತಿರುಗಿಸಿದರೂ ಸರಿಹೋಗದು, ಅಂಗಡಿಗೆ ವಾಪಸ್ ಕೊಡಿ.