ಸೊಂಟ ಹಿಡಿದಾಗ ಮಲಗಬೇಕೆ, ಓಡಾಡಬೇಕೆ?

ಬಗ್ಗಿ ಬಿಂದಿಗೆ ಎತ್ತುವಾಗ ಚಳಕ್ ಎಂದು ಸೊಂಟ ಹಿಡಿದುಕೊಂಡರೆ ಮನೆಯಲ್ಲಿ ಮೊದಲು ಸಿಗುವ ಸಲಹೆ ಒಂದೇ: 'ಅಲ್ಲಾಡಬೇಡ, ಚಾಪೆ ಹಾಸಿಕೊಂಡು ಮಲಗಿಬಿಡು.' ಇದು ಅಜ್ಜಿಯರ ಮಾತು ಮಾತ್ರವಲ್ಲ. ಕಳೆದ ಶತಮಾನದ ಬಹುಕಾಲ ವೈದ್ಯರೂ ಇದನ್ನೇ ಹೇಳುತ್ತಿದ್ದರು. ಮುರಿದ ಮೂಳೆಗೆ ವಿಶ್ರಾಂತಿ ಬೇಕು, ಆದ್ದರಿಂದ ನೋಯುವ ಬೆನ್ನಿಗೂ ಬೇಕು ಎಂಬ ತರ್ಕ ಕೇಳಲು ಸರಿಯಾಗಿಯೇ ಇತ್ತು. ಅಳೆದು ನೋಡುವ ಗೋಜಿಗೆ ಮಾತ್ರ ಹೆಚ್ಚಿನವರು ಹೋಗಿರಲಿಲ್ಲ.

ಅನುಮಾನಪಟ್ಟವರು ಇರಲಿಲ್ಲವೆಂದಲ್ಲ. ಹಾಸಿಗೆ ಹಿಡಿದರೆ ಸ್ನಾಯುಗಳು ಸೊರಗುತ್ತವೆ, ಮೂಳೆಯ ಕ್ಯಾಲ್ಸಿಯಂ ಕರಗುತ್ತದೆ, ರಕ್ತ ಹೆಪ್ಪುಗಟ್ಟುವ ಭಯವೂ ಉಂಟು. ಲಂಡನ್ನಿನ ವೈದ್ಯ ರಿಚರ್ಡ್ ಆಶರ್ ಹಾಸಿಗೆಯ ಅಪಾಯಗಳ ಬಗ್ಗೆ 1947ರಲ್ಲೇ ಎಚ್ಚರಿಸಿದ್ದರು. ಬೆನ್ನುನೋವಿನ ಲೆಕ್ಕ ಹಾಕಲು ಇನ್ನೂ ನಾಲ್ಕು ದಶಕ ಹಿಡಿಯಿತು. 1986ರಲ್ಲಿ ಅಮೆರಿಕದ ರಿಚರ್ಡ್ ಡೇಯೊ ಮತ್ತು ಸಂಗಡಿಗರು 203 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಎರಡು ದಿನ, ಇನ್ನೊಂದಕ್ಕೆ ಏಳು ದಿನ ಮಲಗಲು ಹೇಳಿದರು. ಎರಡು ದಿನದವರು ಕೆಲಸ ತಪ್ಪಿಸಿಕೊಂಡ ದಿನಗಳು ಶೇ 45ರಷ್ಟು ಕಡಿಮೆ. ಬೇರೆ ಯಾವುದರಲ್ಲೂ ಅವರು ಹಿಂದೆ ಬೀಳಲಿಲ್ಲ.

1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಿಂದ ಬಂದ ಫಲಿತಾಂಶ ಇನ್ನಷ್ಟು ಸ್ವಾರಸ್ಯಕರ. ಹೊಸದಾಗಿ ಬೆನ್ನುನೋವು ಬಂದ 186 ಮಂದಿ ನಗರಾಡಳಿತದ ನೌಕರರನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಲಾಯಿತು. ಚೀಟಿ ಏಕೆ? ಅವರವರೇ ಆರಿಸಿಕೊಂಡರೆ ನೋವು ಕಡಿಮೆ ಇದ್ದವರು ಓಡಾಟವನ್ನೂ ಜಾಸ್ತಿ ಇದ್ದವರು ಹಾಸಿಗೆಯನ್ನೂ ಆರಿಸಿಕೊಂಡಾರು. ಆಗ ಹೋಲಿಕೆಗೇ ಅರ್ಥವಿರದು. ಒಂದು ಗುಂಪಿಗೆ ಎರಡು ದಿನ ಹಾಸಿಗೆ, ಒಂದಕ್ಕೆ ಬೆನ್ನಿನ ವ್ಯಾಯಾಮ, ಮೂರನೆಯದಕ್ಕೆ ನೋವು ತಡೆಯುವಷ್ಟು ಮಟ್ಟಿಗೆ ಎಂದಿನ ಕೆಲಸ. ಎಲ್ಲರಿಗಿಂತ ಚೆನ್ನಾಗಿ ಚೇತರಿಸಿಕೊಂಡವರು ಈ ಮೂರನೆಯವರು. ಎಲ್ಲರಿಗಿಂತ ನಿಧಾನ, ಹಾಸಿಗೆಯವರು.

ವ್ಯಾಯಾಮ ಹೇಳಿಕೊಡುವುದೇ ಕಸುಬಾದ ಫಿಸಿಯೋಥೆರಪಿಸ್ಟರಿಗೆ ಇದು ನುಂಗಲಾರದ ತುತ್ತು. 'ಇಷ್ಟು ವರ್ಷ ನನ್ನ ರೋಗಿಗಳು ವಾಸಿಯಾಗಿದ್ದಾರಲ್ಲ' ಎಂದು ಅನುಭವಸ್ಥರು ಕೇಳಬಹುದು. ಆದರೆ ಹೊಸ ಬೆನ್ನುನೋವು ಬಹುಪಾಲು ಜನರಲ್ಲಿ ಕೆಲವೇ ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಎಣ್ಣೆ ತಿಕ್ಕಿದವರಿಗೂ, ಉಳುಕು ತೆಗೆದವರಿಗೂ, ಯಂತ್ರದ ಶಾಖ ಕೊಟ್ಟವರಿಗೂ ಕೀರ್ತಿ ಬರುತ್ತದೆ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋದ ಹಾಗೆ. ಹಾಗೆಂದು ವ್ಯಾಯಾಮವೇ ದಂಡವೆನ್ನುವಂತಿಲ್ಲ. ಮೂರು ತಿಂಗಳು ದಾಟಿದ ಹಳೆಯ ನೋವಿಗೆ ಅದರಿಂದ ಉಪಯೋಗವಿದೆ ಎಂದು 249 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2021ರ ಪರಿಶೀಲನೆ ಹೇಳುತ್ತದೆ.

ಅಂದರೆ ಪ್ರಶ್ನೆ, ಎದುರಿಗೆ ಕುಳಿತಿರುವುದು ಯಾರು ಎಂಬುದು. ಪ್ರಯೋಗ ಹೇಳುವುದು ಗುಂಪಿನ ಸರಾಸರಿ. ಬಾಗಿಲು ತಳ್ಳಿಕೊಂಡು ಬರುವುದು ಒಬ್ಬ ಮನುಷ್ಯ. ಮೂತ್ರ ಕಟ್ಟಿದ್ದರೆ, ತೊಡೆ ಸಂದಿ ಜೋಮು ಹಿಡಿದಿದ್ದರೆ ಓಡಾಡಿ ಎನ್ನುವುದು ಅಪರಾಧವಾದೀತು. ಅಂಥವರನ್ನು ಅಂದೇ ಆಸ್ಪತ್ರೆಗೆ ಕಳಿಸಬೇಕು. ಸಂಜೆ ಜ್ವರ, ಇಳಿಯುವ ತೂಕ ಇದ್ದರೆ ಬೆನ್ನುಮೂಳೆಯ ಕ್ಷಯ ಭಾರತದಲ್ಲಿ ಮರೆಯಬಾರದ ಕಾಯಿಲೆ. ಇದನ್ನು ಕಂಡುಹಿಡಿಯುವುದು ಮುಟ್ಟಿ ನೋಡುವ ಕೈ, ಬಿಡದೆ ಕೇಳುವ ಬಾಯಿ. ಕೆನಡಾದಲ್ಲೂ ಆಕ್ಸ್‌ಫರ್ಡ್‌ನಲ್ಲೂ ಪಾಠ ಹೇಳಿದ ಡೇವಿಡ್ ಸ್ಯಾಕೆಟ್ 1996ರಲ್ಲಿ ಇದನ್ನೇ ವಿವರಿಸಿದರು: ಪುರಾವೆ, ಚಿಕಿತ್ಸಕನ ಅನುಭವ, ರೋಗಿಯ ಇಷ್ಟಾನಿಷ್ಟ ಇವೆಲ್ಲ ಕೂಡಿ ಬರಬೇಕು.

ಪಿಯುಸಿ ವಿಜ್ಞಾನ ಮುಗಿಸಿ ಬಿಪಿಟಿ ಓದಲು ಹೊರಡುವ ಮಕ್ಕಳಿಗೆ ಒಂದು ಮಾತು. ಸಿಡ್ನಿಯಲ್ಲಿ 1999ರಲ್ಲಿ ಆರಂಭವಾದ 'ಪೆಡ್ರೊ' ಭಂಡಾರದಲ್ಲಿ ಫಿಸಿಯೋಥೆರಪಿಯ ಹತ್ತಾರು ಸಾವಿರ ಪ್ರಯೋಗಗಳ ವಿವರ ಪುಕ್ಕಟೆ ಸಿಗುತ್ತದೆ, ಪ್ರಯೋಗಗಳ ಗುಣಮಟ್ಟಕ್ಕೆ ಹತ್ತಕ್ಕೆ ಇಷ್ಟು ಎಂಬ ಅಂಕದ ಸಮೇತ. ಅಂಕ ನೋಡುವ ಅಭ್ಯಾಸ ವಿದ್ಯಾರ್ಥಿಗಳಿಗೆ ಹೇಗೂ ಇದೆ!

ಆದರೆ ಹೆಲ್ಸಿಂಕಿಯ ಸಲಹೆಯನ್ನು ದಾವಣಗೆರೆಯ ಎಪಿಎಂಸಿ ಯಾರ್ಡಿನ ಹಮಾಲಿಗೆ ಹೇಳಬೇಕಾದರೆ? ಆತನ 'ಎಂದಿನ ಕೆಲಸ'ವೆಂದರೆ 50 ಕಿಲೋ ಚೀಲ ಬೆನ್ನಿಗೇರಿಸುವುದು. ಮಲಗಿದರೆ ನೋವಿನ ಜೊತೆ ಕೂಲಿಯೂ ಹೋಗುತ್ತದೆ. ಚಿಕಿತ್ಸಕ ಇಲ್ಲಿ ಕೇಳಬೇಕಾದದ್ದು: 'ಯಜಮಾನ್ರೇ, ದಿನಕ್ಕೆ ಎಷ್ಟು ಚೀಲ ಹೊರುತ್ತೀರಿ? ಒಂದು ವಾರ ಇಬ್ಬರು ಹಿಡಿದು ಎತ್ತಬಹುದೇ? ಮೇಸ್ತ್ರಿ ಒಪ್ಪುತ್ತಾರೆಯೇ?' ಒಪ್ಪಿದರೆ ಚೀಲಗಳ ಸಂಖ್ಯೆಯನ್ನು ದಿನದಿಂದ ದಿನಕ್ಕೆ ಏರಿಸುತ್ತಾ ಹೋಗುವುದು. ಒಪ್ಪದಿದ್ದರೆ ಬೇರೆ ದಾರಿ ಹುಡುಕುವುದು. ಕೆಲವು ದಿನ ಬಿಟ್ಟು ಬಂದಾಗ ಕಾಲಿಗೆ ನೋವು ಇಳಿದಿದ್ದರೆ ಯೋಜನೆ ಮತ್ತೆ ಮೊದಲಿನಿಂದ.