ಸೀಟು ಸಿಕ್ಕಿತು, ಸೆಮಿಸ್ಟರ್ ದಾಟೋದು ಹೇಗೆ?

ವಿಟಿಯುದಲ್ಲಿ ಇಂಜಿನಿಯರಿಂಗ್ ಓದಿದ ಇಬ್ಬರು ಆಫೀಸ್ ಕ್ಯಾಂಟೀನಿನಲ್ಲಿ ಎದುರಾದರೆ ಊರು ಕೇಳೋದಕ್ಕೂ ಮೊದಲು ಕೇಳೋದು, "ನಿಮ್ದು ಯಾವ ಸ್ಕೀಮ್?" ಅಂತ. 2010ರ ಸ್ಕೀಮ್‌ನವರಿಗೆ ಇಂಟರ್ನಲ್ಸ್ 25, ಪರೀಕ್ಷೆ 100 ಅಂಕ. 2015ರವರಿಗೆ 20 ಮತ್ತು 80. 2018ರವರಿಗೆ 40 ಮತ್ತು 60. 2022ರವರಿಗೆ ಸಮ ಸಮ, 50–50. "ನಮ್ಮ ಕಾಲದಲ್ಲಿ ಭಾರಿ ಕಷ್ಟ ಇತ್ತು" ಅಂತ ಹಳಬರು ಹೇಳೋದಕ್ಕೆ ಈ ಲೆಕ್ಕವೇ ಆಧಾರ.

ಆ ಕಷ್ಟ ನಿಜಕ್ಕೂ ಎಲ್ಲಿತ್ತು? 2010ರ ಸ್ಕೀಮ್‌ನಲ್ಲಿ ಒಂದು ವಿಷಯಕ್ಕೆ 8 ಯೂನಿಟ್, 8 ಪ್ರಶ್ನೆ. ಎರಡು ಭಾಗಗಳಿಂದ ಕನಿಷ್ಠ ಎರಡೆರಡು ಆರಿಸಿ ಒಟ್ಟು 5 ಬರೆದರೆ ಸಾಕು. ಅಂದರೆ 3 ಯೂನಿಟ್ ಮುಟ್ಟದೆಯೂ ಪಾಸಾಗಬಹುದಿತ್ತು. 2015ರಲ್ಲಿ 5 ಮಾಡ್ಯೂಲ್ ಬಂತು, ಪ್ರತಿ ಮಾಡ್ಯೂಲ್‌ನಿಂದ ಒಂದು ಪ್ರಶ್ನೆ ಬರೆಯಲೇಬೇಕು. ಯಾವುದನ್ನೂ ಪೂರ್ತಿ ಬಿಡುವಂತಿಲ್ಲ. ಹಾಗಾಗಿ ನಮ್ಮ ಕಾಲದ ಕಷ್ಟ ಓದಿನ ಹರವಿನದ್ದಲ್ಲ, ಇಡೀ ಸೆಮಿಸ್ಟರಿನ ಓದು ಮೂರು ತಾಸಿನ ಮೇಲೆ ನಿಂತಿದ್ದರದ್ದು.

ನಿಜವಾದ ಗಟ್ಟಿತನ ಕಂಡದ್ದು ಲ್ಯಾಬ್‌ನಲ್ಲಿ. ಚೀಟಿ ಎತ್ತಬೇಕು, ಬಂದ ಪ್ರೋಗ್ರಾಮನ್ನು ಮೊದಲು ಹಾಳೆ ಮೇಲೆ ಬರೆಯಬೇಕು, ಆಮೇಲೆ ಕಂಪ್ಯೂಟರಿನಲ್ಲಿ ಓಡಿಸಿ ತೋರಿಸಬೇಕು, ಕೊನೆಗೆ ವೈವಾ. 8086 ಅಸೆಂಬ್ಲಿ ಕೋಡ್ ಈಗ ಯಾರೂ ನಮ್ಮಿಂದ ಬರೆಸೋದಿಲ್ಲ. ಆದರೆ ಒಂದೊಂದು ಸಾಲು ಓಡಿದಾಗ ಯಾವ ರಿಜಿಸ್ಟರಿನಲ್ಲಿ ಏನಿದೆ ಅಂತ ನೋಡುವ ತಾಳ್ಮೆ ಅಲ್ಲೇ ಬಂದದ್ದು. ರಾತ್ರಿ ಹನ್ನೊಂದಕ್ಕೆ ಸರ್ವರ್ ಬಿದ್ದಾಗ ಲಾಗ್ ಹಿಡಿದು ಕೂರೋಕೆ ಅದೇ ತಾಳ್ಮೆ ಬೇಕು.

ನಮ್ಮ ಭಾಗದ ಹುಡುಗರಿಗೆ ಇನ್ನೊಂದು ಕಷ್ಟವಿದೆ, ಅದು ಯಾವ ಸಿಲಬಸ್‌ನಲ್ಲೂ ಇಲ್ಲ. ರಾಯಚೂರಿನಿಂದ ಮಂತ್ರಾಲಯಕ್ಕೆ ಹೋಗೋ ದಾರಿಯಲ್ಲಿರುವ ನಮ್ಮ ಗಿಲ್ಲೆಸುಗೂರಿನಲ್ಲಿ ಕನ್ನಡದ ಜೊತೆ ತೆಲುಗೂ ಕಿವಿಗೆ ಬೀಳುತ್ತೆ. ಇಂಗ್ಲಿಷ್ ಮಾತ್ರ ಪುಸ್ತಕದಲ್ಲೇ ಉಳಿಯುತ್ತೆ. ಎಸ್ಸೆಸ್ಸೆಲ್ಸಿವರೆಗೆ ವಿಭವಾಂತರ, ರೋಧ, ವೇಗೋತ್ಕರ್ಷ ಅಂತ ಓದಿದವನಿಗೆ ಪಿಯುಸಿಗೆ ಬಂದ ಕೂಡಲೇ ಪೊಟೆನ್ಷಿಯಲ್ ಡಿಫರೆನ್ಸ್, ರೆಸಿಸ್ಟೆನ್ಸ್, ಆಕ್ಸಿಲರೇಷನ್. ಗೊತ್ತಿದ್ದ ವಿಷಯವೇ ಗೊತ್ತಿಲ್ಲದಂತೆ ಕಾಣುತ್ತೆ. ಎರಡು ವರ್ಷದಲ್ಲಿ ಅದು ಸರಿಹೋಗೋದ್ರೊಳಗೆ ಇಂಜಿನಿಯರಿಂಗ್ ಮೊದಲ ಸೆಮಿಸ್ಟರ್ ಬಂದಿರುತ್ತೆ.

2013ರಲ್ಲಿ ಜಾರಿಗೆ ಬಂದ 371ಜೆ ನಮಗೆ ದೊಡ್ಡ ಬಾಗಿಲು ತೆರೆಯಿತು. ನಮ್ಮ ಭಾಗದ ಕಾಲೇಜುಗಳಲ್ಲಿ ಶೇ. 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8 ಸೀಟು ಇಲ್ಲಿಯವರಿಗೆ. ಆದರೆ ಸೀಟು ಸಿಗೋದು ಬೇರೆ, ದಾಟೋದು ಬೇರೆ. 2010ರ ಸ್ಕೀಮ್‌ನಲ್ಲಿ ನಾಲ್ಕಕ್ಕಿಂತ ಹೆಚ್ಚು ವಿಷಯ ಬಾಕಿ ಉಳಿದರೆ ಇಯರ್ ಬ್ಯಾಕ್. ಸಾಲ ಮಾಡಿ ಫೀಸು ಕಟ್ಟಿದ ಮನೆಗೆ ಆ ಒಂದು ವರ್ಷ ಸಣ್ಣದಲ್ಲ.

ಮೊನ್ನೆ ಸಂಬಂಧಿಕರ ಹುಡುಗ ಫೋನ್ ಮಾಡಿದ್ದ. "ಅಣ್ಣಾ, ಎಂ-ಟೂ ಹೋತು. ಮನ್ಯಾಗ ಹೇಳಬ್ಯಾಡ್ರಿ." ಲೆಕ್ಕ ಬಿಡಿಸೋಕೆ ಕೊಟ್ಟರೆ ಬಿಡಿಸ್ತಾನೆ. ಪ್ರಶ್ನೆ ಏನು ಕೇಳ್ತಿದೆ ಅನ್ನೋದೇ ಅವನಿಗೆ ತಡವಾಗಿ ಅರ್ಥವಾಗೋದು.

ವಿಷಯದ ಕಷ್ಟ ಇರಲಿ, ಅದು ಇರಲೇಬೇಕು. ಭಾಷೆಯ ಕಷ್ಟವನ್ನ ಮಾತ್ರ ಕಡಿಮೆ ಮಾಡಬಹುದು. ಕನ್ನಡದಲ್ಲೂ ಇಂಜಿನಿಯರಿಂಗ್ ಕಲಿಸಲು 2021ರಲ್ಲೇ ಎಐಸಿಟಿಇ ಒಪ್ಪಿದೆ. ಆದರೆ ಕೆಲಸದ ಸಂದರ್ಶನ ಇಂಗ್ಲಿಷಿನಲ್ಲೇ ನಡೆಯುವಾಗ ಪೂರ್ತಿ ಕನ್ನಡದ ಡಿಗ್ರಿ ಆರಿಸೋಕೆ ಮನೆಯವರು ಹೆದರ್ತಾರೆ. ಅವರದ್ದು ತಪ್ಪಲ್ಲ. ಮೊದಲ ಎರಡು ಸೆಮಿಸ್ಟರ್ ಎರಡೂ ಭಾಷೆಯಲ್ಲಿ ಪಾಠ ನಡೆದರೆ ಸಾಕಷ್ಟು ಹುಡುಗರು ನಿಲ್ಲುತ್ತಾರೆ.

ಕಾಲೇಜುಗಳು ಅದನ್ನು ಮಾಡುವವರೆಗೆ ನಾವು ಮಾಡಬಹುದಾದ್ದು ಇದೆ. ನೀವು ಓದಿದ ಒಂದೇ ಒಂದು ವಿಷಯ ಆರಿಸಿಕೊಳ್ಳಿ. ಅದರ ಮುಖ್ಯ ಐವತ್ತು ಪದಗಳಿಗೆ ಕನ್ನಡದಲ್ಲಿ ಒಂದೊಂದು ಸಾಲಿನ ಅರ್ಥ ಬರೆಯಿರಿ. ಡಿಫರೆನ್ಷಿಯೇಷನ್ ಅಂದರೆ ಬದಲಾವಣೆ ಎಷ್ಟು ಬೇಗ ಆಗ್ತಿದೆ ಅಂತ ನೋಡೋದು, ಇಷ್ಟು ಸಾಕು. ಹಳೇ ಪ್ರಶ್ನೆಪತ್ರಿಕೆ ಮುಂದಿಟ್ಟುಕೊಂಡು, ಭಾನುವಾರ ಒಂದು ತಾಸು ಊರಿನ ಜೂನಿಯರ್‌ಗಳ ಜೊತೆ ವಿಡಿಯೋ ಕಾಲ್‌ನಲ್ಲಿ ಕೂತು ಪ್ರಶ್ನೆಗಳನ್ನು ಓದಿಸಿ. ಉತ್ತರ ಅವರೇ ಬರೀತಾರೆ.